ಅಂಜಿಕೆಯ ಪಾಠ

ಮಾವಿನಮಿಡಿಯ ಉಪ್ಪಿನಕಾಯಿಯ ಮಾತನ್ನೆತ್ತಿದೊಡನೆಯೇ ನಮ್ಮೆಲ್ಲರ ಬಾಯಲ್ಲಿ ನೀರೂರುವುದು. ಉಪ್ಪಿನಕಾಯಿಯಾದರೋ ಇನ್ನೂ ಭರಣಿಯಲ್ಲಿದೆ; ಕಿವಿಗೆ ಬಿದ್ದುದು ಅದರ ಹೆಸರು ಮಾತ್ರ. ಅದರ ರುಚಿಯನ್ನೇ ಕಾಣದವನಿಗೆ ಈ ಹೆಸರನ್ನು ಎಷ್ಟು ಸಲ ಹೇಳಿದರೂ ಹೀಗಾಗದು. ಆದುದರಿಂದ ಇದು ಹುಟ್ಟುಗುಣವಲ್ಲ, ಕಲಿತ ಗುಣ. ಆದರೆ ನಮ್ಮನ್ನು ಕುಳ್ಳಿರಿಸಿ ಇದನ್ನು ಕಲಿಸಿದವರಾರೂ ಇಲ್ಲ. ಕಲಿಯಬೇಕೆಂದು ನಾವೂ ಸಂಕಲ್ಪಿಸಿದವರಲ್ಲ. ಇಂತಹ ಕಲಿಕೆಗೆ ಮನಶ್ಶಾಸ್ತ್ರಜ್ಞರು ಅಭಿಜಾತ ಅನುಬಂಧನವೆಂದು ಹೆಸರಿಟ್ಟಿದ್ದಾರೆ.

ಇದನ್ನು ಪ್ರಯೋಗಗಳಿಂದ ವಿಶದಪಡಿಸಿದವರಲ್ಲಿ ಅಗ್ರಗಣ್ಯರು ರಷ್ಯಾ ದೇಶದ ಈವಾನ್ ಪಾವ್ಲೋವ್ ಅವರು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಈ ಮಹನೀಯರು ಸೇಂಟ್ ಪೀಟರ್ಸ್‌ಬರ್ಗಿನ ತಮ್ಮ ಪ್ರಯೋಗಶಾಲೆಯಲ್ಲಿ ನಾಯಿಗಳ ಜೊಲ್ಲನ್ನು ಅಳೆಯುತ್ತಿದ್ದರು. ಆಹಾರವು ಬಾಯಿಗೆ ಬೀಳುವ ಮೊದಲೇ, ಅದನ್ನು ತರುವ ಆಳನ್ನು ಕಂಡಮಾತ್ರಕ್ಕೆ, ನಾಯಿಗಳು ಜೊಲ್ಲು ಸುರಿಸುತ್ತಿದ್ದುವು. ಪಾವ್ಲೋವರು ಇದನ್ನೇ ಹಿಡಿದು ಶೋಧಿಸಿದರು. ಮೊದಲು ಮೆಟ್ರೊನೋಮ್ ಎಂಬ ತಾಳಯಂತ್ರದ ಸದ್ದು, ಕೂಡಲೆ ಆಹಾರ. ಹೀಗೆ ಹಲವು ಸಲ ನಡೆದ ಮೇಲೆ ಬರಿಯ ಸದ್ದಿಗೇ ಜೊಲ್ಲು ಬಂದಿತು. ಸದ್ದನ್ನು ಕೇಳಿಸಿ ಆಹಾರವನ್ನು ಕೊಡದೆ ಇರಲು ಜೊಲ್ಲು ಕ್ರಮೇಣ ನಿಂತಿತು. ಆದರೆ ಕೆಲಕಾಲ ಬಿಟ್ಟು ಕೇಳಿಸಲು ಮತ್ತೆ ತಲೆದೋರಿತು. ಕಲಿತುದು ಅಳಿದಿರಲಿಲ್ಲ, ಅಡಗಿದ್ದಿತು ಅಷ್ಟೆ.

ಬಾಯಿಯ ಜೊಲ್ಲಿಗೆ ಸಲ್ಲುವ ಈ ನಿಯಮವು ಎದೆಯ ಅಂಜಿಕೆಗೂ ಸಲ್ಲುವುದೆಂಬುದೇ ಗೃಹಸ್ಥರು ಮನಗಾಣಬೇಕಾದ ಸಂಗತಿ. ಅಮೆರಿಕದ ವಾಟ್ಸನ್ ಮತ್ತು ರೇನರ್ ಎಂಬವರು 1920ರಲ್ಲಿ ಪ್ರಕಟಿಸಿದ ಪ್ರಯೋಗವೊಂದುಂಟು. ಹನ್ನೊಂದು ತಿಂಗಳ ಕೂಸೊಂದು ಬಿಳಿಯ ಇಲಿಯೊಡನೆ ನಿರ್ಭಯವಾಗಿತ್ತು. ಅದು ಇಲಿಯನ್ನು ಮುಟ್ಟಹೋದಾಗ ಹಿಂದಿನಿಂದ ಉಕ್ಕಿನ ಸಲಾಕೆಯನ್ನು ಸುತ್ತಿಗೆಯಿಂದ ಬಡಿದು ಭಾರಿ ಸದ್ದುಮಾಡಿದರು. ಏಳು ಸಲ ಹೀಗಾಗುವಷ್ಟರಲ್ಲಿ ಕೂಸು ಬರಿಯ ಇಲಿಯನ್ನು ಕಂಡರೇ ಅಳುವಂತಾಯಿತು. ಮೊಲಕ್ಕೂ, ನಾಯಿಗೂ, ತುಪ್ಪುಳಿನ ಅಂಗಿಗೂ ಅಂಜಿತು. ಹಾವಿಗೆ ಬೆದರಿದವನು ಹಗ್ಗಕ್ಕೂ ಬೆದರುವನೆಂಬ ಲೋಕರೂಢಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆ ಅಂಜಿಕೆಯನ್ನು ಬಿಡಿಸದೆಯೇ ಕೂಸನ್ನು ಕಳುಹಿಸಿಬಿಟ್ಟರೆಂಬುದನ್ನು ಓದಿದಾಗ ನಮಗೆ ಸಂಕಟವಾಗುತ್ತದೆ. ಇಂದಿನ ನೀತಿನಿಯಮಗಳು ಇಂತಹ ಪ್ರಯೋಗಕ್ಕೆ ಎಡೆಗೊಡವು.

ಆದರೆ ನಮ್ಮ ಮನೆಗಳಲ್ಲಿ ಆ ಸಲಾಕೆಯ ಸದ್ದು ನಿಂತಿದೆಯೆ? “ಉಣ್ಣದಿದ್ದರೆ ಡಾಕ್ಟರನ್ನು ಕರೆದು ಸೂಜಿ ಚುಚ್ಚಿಸುತ್ತೇವೆ” ಎಂಬ ಬೆದರಿಕೆಯನ್ನು ಕೇಳದ ಮಕ್ಕಳು ಎಷ್ಟು ಮಂದಿ? ನಮ್ಮ ತಂಗಿಯ ನಾಲ್ಕು ವರುಷದ ಮಗನು ಸೂಜಿಯ ನೋವನ್ನು ಕಂಡವನೇ. ಮೇಲಾಗಿ ಮನೆಯ ವೃದ್ಧರೊಬ್ಬರು ಪ್ರತಿದಿನವೂ ಈ ಬೆದರಿಕೆಯನ್ನು ಹಾಕುತ್ತಿದ್ದರು. ಕಡೆಗೆ ಬಿಳಿಯ ಕೋಟೆಂದರೆ ಕಿರಿಚುವಂತಾಯಿತು. ಕ್ಷೌರಿಕನು ಹೊದಿಸುವ ಬಿಳಿಯ ಬಟ್ಟೆಗೂ ನಡುಗಿದನು. ಜ್ವರದಿಂದ ಗಂಟಲು ಬಾತಾಗ ವೈದ್ಯರಿಗೆ ಬಾಯಿ ತೆರೆದು ತೋರಿಸಲೇ ಇಲ್ಲ. ಕಾಯಿಲೆಯನ್ನು ಕಳೆಯುವವರೇ ಅವನಿಗೆ ಗುಮ್ಮನಾಗಿದ್ದರು.

ಇದಕ್ಕೆ ಪರಿಹಾರವನ್ನು ತೋರಿಸಿದವರು ಮೇರಿ ಕವರ್ ಜೋನ್ಸ್ ಎಂಬ ವಿದುಷಿ. ಮೊಲಕ್ಕೆ ಅಂಜುತ್ತಿದ್ದ, ಮೂರು ವರುಷ ತುಂಬದ ಬಾಲಕನೊಬ್ಬನ ವೃತ್ತಾಂತವನ್ನು ಆಕೆ 1924ರಲ್ಲಿ ಪ್ರಕಟಿಸಿದರು. ಬಾಲಕನು ತನಗೆ ಇಷ್ಟವಾದ ತಿಂಡಿಯನ್ನು ತಿನ್ನುವಾಗ ಮೊಲವನ್ನು ಪಂಜರದಲ್ಲಿಟ್ಟು, ಅಂಜದಷ್ಟು ದೂರದಲ್ಲಿ ಇರಿಸುವುದು. ದಿನದಿನಕ್ಕೆ ಸ್ವಲ್ಪ ಹತ್ತಿರ ತರುವುದು. ನಿರ್ಭಯರಾದ ಬೇರೆ ಮಕ್ಕಳನ್ನೂ ಜೊತೆಗೆ ಆಡಿಸುವುದು. ಕಡೆಗೆ ಅವನು ಮೊಲವನ್ನು ಕೈಯಾರೆ ಸವರಿದನು. ಬರಿಯ ಬುದ್ಧಿಮಾತಿನಿಂದಲೂ ಹಾಸ್ಯಮಾಡುವುದರಿಂದಲೂ ಅಂಜಿಕೆ ಹೋಗುವುದಿಲ್ಲವೆಂಬುದನ್ನೂ ಆಕೆ ಕಂಡುಕೊಂಡರು.

ನಮ್ಮ ತಂಗಿಯು ಈ ಮಾರ್ಗವನ್ನೇ ಹಿಡಿದಳು. ಮೊದಮೊದಲು ವೈದ್ಯಶಾಲೆಯ ಎದುರಿನ ಕಟ್ಟೆಯ ಮೇಲೆ ಕುಳ್ಳಿರಿಸಿ ಕೋಡುಬಳೆ ಕೊಟ್ಟಳು. ಆಮೇಲೆ ಒಳಗಿನ ಬೆಂಚಿನ ಮೇಲೆ. ಆಮೇಲೆ ಅಕ್ಕನ ಗಂಟಲನ್ನು ವೈದ್ಯರು ನೋಡುವುದನ್ನು ತೋರಿಸಿದಳು. ವೈದ್ಯರೂ ಸಹನೆಯುಳ್ಳವರು. ಮೂರು ವಾರಗಳಲ್ಲಿ ಹುಡುಗನು ತಾನಾಗಿಯೇ “ಆ” ಎಂದನು. ಆಮೇಲೆಯೂ ಒಂದೆರಡು ಸಲ ಅಳು ಮರುಕಳಿಸಿತು; ತಾಯಿ ಗದರಿಸಲಿಲ್ಲ, ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಪುನಃ ಮೊದಲುಮಾಡಿದಳು.

ಇನ್ನೊಂದು ಮಾತು. ಎರಡು ಸಂಗತಿಗಳು ಜೊತೆಗೆ ಬಂದರೆ ಸಾಲದು, ಮೊದಲನೆಯದು ಎರಡನೆಯದರ ನಂಬತಕ್ಕ ಮುನ್ಸೂಚನೆಯಾಗಿರಬೇಕೆಂದು ರೆಸ್ಕಾರ್ಲ ಎಂಬ ವಿಜ್ಞಾನಿಗಳು 1968ರಲ್ಲಿ ತೋರಿಸಿಕೊಟ್ಟರು. ಹಿರಿಯರ ಮಾತಿಗೂ ಇದನ್ನು ಅನ್ವಯಿಸಬಹುದೆಂದು ನಮಗೆ ತೋರುತ್ತದೆ. “ನೋವಾಗುವುದೇ ಇಲ್ಲ” ಎಂದು ಹೇಳಿ ಸೂಜಿ ಚುಚ್ಚಿಸಿದರೆ, ಮಗುವಿಗೆ ನಮ್ಮ ಸಾಂತ್ವನವೇ ನೋವಿನ ಮುನ್ಸೂಚನೆಯಾದೀತು. “ಸ್ವಲ್ಪ ನೋಯುತ್ತದೆ, ನಾನು ಕೈ ಹಿಡಿದಿರುತ್ತೇನೆ” ಎನ್ನುವುದು ಲೇಸು. ಮಕ್ಕಳನ್ನು ಉಣ್ಣಿಸುವುದಕ್ಕೂ ಮಲಗಿಸುವುದಕ್ಕೂ ವೈದ್ಯರನ್ನೂ ಪೋಲೀಸಿನವರನ್ನೂ ಕತ್ತಲೆಯನ್ನೂ ಕರೆಯುವ ವಾಡಿಕೆಯನ್ನು ತಾಯಿತಂದೆಗಳು ಇಂದೇ ಬಿಡುವುದು ಒಳಿತು.