ಹೀಥ್ರೂ ಕೆಳಗಿನ ಹುಲ್ಲು

ಮೊನ್ನೆ ಲಂಡನ್ನಿನ ಹೀಥ್ರೂನಲ್ಲಿ ಬೆಂಗಳೂರು ಫ್ಲೈಟಿಗೆ ಕಾಯ್ತಾ ಕೂತಿದ್ದೆ. ಇನ್ನೂ ಮೂರು ಗಂಟೆ ಬಾಕಿ. ಹೊತ್ತು ಹೋಗದೆ ಮೊಬೈಲಿನಲ್ಲಿ ಆ ಜಾಗದ ಕಥೆನೇ ಓದ್ತಾ ಹೋದೆ...

ಮೊದಲು ಅಲ್ಲಿದ್ದಿದ್ದು ಹೀತ್ ರೋ ಅನ್ನೋ ಪುಟ್ಟ ಹಳ್ಳಿ, ಸುತ್ತ ತರಕಾರಿ ತೋಟ. ಪಕ್ಕದಲ್ಲೇ ವಿಮಾನ ತಯಾರಿಸ್ತಿದ್ದ ರಿಚರ್ಡ್ ಫೇರಿಯ ಸ್ವಂತ ಏರ್‌ಫೀಲ್ಡ್, 1930ರಲ್ಲಿ ಶುರುವಾಗಿದ್ದು. ಕಾಂಕ್ರೀಟು ರನ್‌ವೇ ಏನೂ ಇಲ್ಲ, ಬರೀ ಹುಲ್ಲು! ಕಾರ್ಖಾನೆಯಲ್ಲಿ ಮಾಡಿದ ವಿಮಾನಗಳನ್ನ ಇಲ್ಲಿಗೆ ತಂದು ಹಾರಿಸಿ ಪರೀಕ್ಷೆ ಮಾಡ್ತಿದ್ರು.

1944ರಲ್ಲಿ ಸರ್ಕಾರ ಯುದ್ಧಕ್ಕೆ ಬೇಕು ಅಂತ ಮೈದಾನ ಕಿತ್ಕೊಂಡಿತು. ಹಳ್ಳಿಯೂ ನೆಲಸಮ. 1946ರಲ್ಲಿ ನೋಡಿದ್ರೆ ಅದು ಪ್ರಯಾಣಿಕರ ವಿಮಾನ ನಿಲ್ದಾಣ! ಯುದ್ಧ ಬರೀ ನೆಪವಾಗಿತ್ತು ಅಂತ ಆಗ ವಾಯು ಇಲಾಖೆಯ ಉಪಮಂತ್ರಿಯಾಗಿದ್ದ ಹೆರಾಲ್ಡ್ ಬಾಲ್ಫೋರ್ 1973ರಲ್ಲಿ ಬಂದ ಆತ್ಮಕಥೆಯಲ್ಲಿ ಒಪ್ಪಿಕೊಂಡ. ಫೇರಿ ಕಂಪನಿಯ ಪರಿಹಾರ ಇತ್ಯರ್ಥವಾಗಿದ್ದು 1964ರಲ್ಲಿ. ಫೇರಿ 1956ರಲ್ಲೇ ತೀರಿಕೊಂಡಿದ್ದ.

ಅಲ್ಲಿಗೆ ಓದೋದು ನಿಲ್ಲಿಸಿದೆ. ನಮ್ಮ ತಾತನ ರಾಗಿ ಹೊಲ ರಸ್ತೆಗೆ ಹೋದಾಗಲೂ ಹೀಗೇ. ದುಡ್ಡು ಕೈಗೆ ಬರೋ ಹೊತ್ತಿಗೆ ತಾತ ಇರಲಿಲ್ಲ. ಆ ದುಡ್ಡಲ್ಲೇ ಅಪ್ಪ ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು. ಊರಿಗೆ ಹೋದಾಗೆಲ್ಲ ಅದೇ ರಸ್ತೆಯಲ್ಲಿ ಹೋಗ್ತೀನಿ, ಬೇಗ ತಲುಪಿದೆ ಅಂತ ಖುಷಿನೂ ಪಡ್ತೀನಿ. ಅದನ್ನ ನೆನೆಸಿಕೊಂಡರೆ ಯಾರನ್ನ ಬೈಯಬೇಕೋ ಗೊತ್ತಾಗಲ್ಲ.

ವಿಮಾನ ಓಡೋಕೆ ಶುರು ಮಾಡ್ತು. ಕಿಟಕಿಯಾಚೆ ರನ್‌ವೇ ಅಂಚಿನಲ್ಲಿ ಹುಲ್ಲು ಕಾಣಿಸ್ತು. ಇದ್ರಲ್ಲಿ ಒಂದಿಷ್ಟಾದ್ರೂ ಫೇರಿ ಮೈದಾನದ್ದಿರಬಹುದಾ ಅಂತ ನೋಡ್ತಿದ್ದೆ. ಅಷ್ಟರಲ್ಲಿ ನೆಲ ಬಿಟ್ಟಾಗಿತ್ತು...