ಕಡಲಿನ ಮೇಲಣ ವಿಳಾಸ

ಹೆಸರಿಡುವುದು ಮನುಷ್ಯನ ಅತ್ಯಂತ ಹಳೆಯ ಸಂಸ್ಕಾರಗಳಲ್ಲಿ ಒಂದು. ತೊಟ್ಟಿಲ ಕೂಸಿಗೆ, ಉಳುವ ಹೊಲಕ್ಕೆ, ಕೊಟ್ಟಿಗೆಯ ಹಸುವಿಗೆ ಹೆಸರಿಟ್ಟವನು ಕಡಲಿಗಿಳಿಸುವ ದೋಣಿಯನ್ನು ಮಾತ್ರ ಅನಾಮಿಕವಾಗಿ ಬಿಡಲಾರ. ಕೊಚ್ಚಿಯ ತೋಪ್ಪುಂಪಡಿಯ ಮೀನುಗಾರಿಕಾ ಬಂದರಿನಲ್ಲಾಗಲಿ, ಅಲ್ಲಿಂದ ಉತ್ತರಕ್ಕಿರುವ ಮುನಂಬದಲ್ಲಾಗಲಿ ಸಾಲುಗಟ್ಟಿ ನಿಂತ ದೋಣಿಗಳ ಮುಂಬದಿಯನ್ನು ಓದುತ್ತ ನಡೆದರೆ ಅದೊಂದು ಸಂಕ್ಷಿಪ್ತ ನಾಮಾವಳಿಯಂತೆಯೇ ತೋರುತ್ತದೆ. ಸಂತರು, ದೇವಿಯರು, ಮನೆಯ ಮಕ್ಕಳು, ಒಮ್ಮೊಮ್ಮೆ ಬರಿಯ ಒಂದು ಹಾರೈಕೆ, ಎಲ್ಲವೂ ಅಲ್ಲಿ ಬಣ್ಣದಲ್ಲಿ ಮೂಡಿರುತ್ತವೆ. ಅದರ ಪಕ್ಕದಲ್ಲಿಯೇ ಇನ್ನೊಂದು ಬರಹವಿರುತ್ತದೆ: ‘ಐ.ಎನ್.ಡಿ.’ ಎಂಬ ದೇಶಸೂಚಿ, ‘ಕೆ.ಎಲ್.’ ಎಂಬ ರಾಜ್ಯಸೂಚಿ, ಪ್ರದೇಶದ ಗುರುತು, ಯಾಂತ್ರಿಕ ದೋಣಿಯಾದರೆ ‘ಎಂ.ಎಂ.’ ಎಂಬ ಅಕ್ಷರಗಳು, ಕೊನೆಗೊಂದು ಕ್ರಮಾಂಕ. ಮಲ್ಪೆ, ಮಂಗಳೂರುಗಳ ದೋಣಿಗಳಲ್ಲಿ ‘ಕೆ.ಎಲ್.’ ಇದ್ದೆಡೆ ‘ಕೆ.ಎ.’ ಇರುತ್ತದೆ ಎಂಬುದಷ್ಟೇ ವ್ಯತ್ಯಾಸ. ಮೊದಲನೆಯದು ಒಡೆಯನ ಮನಸ್ಸು ಇಟ್ಟ ಹೆಸರು. ಎರಡನೆಯದು ಸರ್ಕಾರದ ದಫ್ತರ ಇಟ್ಟ ಹೆಸರು. ಇವೆರಡರ ಜೊತೆಗೆ ದೋಣಿಗೆ ಮೂರನೆಯ ಹೆಸರೊಂದು ಇರುವುದುಂಟು. ಅದನ್ನು ಹಲಗೆಯ ಮೇಲೆ ಯಾರೂ ಬರೆಯುವುದಿಲ್ಲ. ಅದು ದೋಣಿಯ ರೇಡಿಯೋ ಉಪಕರಣದ ಒಳಗೆ ಅಂಕಿಗಳ ರೂಪದಲ್ಲಿ ಅಡಗಿರುತ್ತದೆ. ಬಿರುಗಾಳಿಯ ರಾತ್ರಿಯಲ್ಲಿ ಉಳಿದೆರಡು ಹೆಸರುಗಳನ್ನು ಓದಬಲ್ಲ ಕಣ್ಣು ಇಲ್ಲವಾದಾಗ ಕೆಲಸಕ್ಕೆ ಬರುವುದು ಈ ಮೂರನೆಯದು.

ಈ ಅಂಕಿಯ ಹೆಸರು ಏಕೆ ಬೇಕಾಯಿತು ಎಂಬುದನ್ನು ತಿಳಿಯಲು ಕಡಲಿನ ಸಂಭಾಷಣೆಯ ರೀತಿಯನ್ನು ಗಮನಿಸಬೇಕು. ದೂರವಾಣಿಯಲ್ಲಿ ಇಬ್ಬರ ಮಾತು ಇಬ್ಬರಿಗೇ ಮೀಸಲು. ಆದರೆ ಹಡಗು ದೋಣಿಗಳು ಬಳಸುವ ವಿ.ಎಚ್.ಎಫ್. ರೇಡಿಯೋ ಊರ ನಡುವಣ ಅರಳಿಕಟ್ಟೆಯಂತೆ. ಕರೆಯುವುದಕ್ಕೂ ಅಪಾಯವನ್ನು ಸಾರುವುದಕ್ಕೂ ಗೊತ್ತುಪಡಿಸಿದ 16ನೆಯ ಚಾನೆಲ್ಲಿನಲ್ಲಿ, ಅಂದರೆ 156.8 ಮೆಗಾಹರ್ಟ್ಸ್ ತರಂಗದಲ್ಲಿ, ಒಬ್ಬನು ನುಡಿದದ್ದು ವ್ಯಾಪ್ತಿಯೊಳಗಿನ ಎಲ್ಲರ ಕಿವಿಗೂ ಬೀಳುತ್ತದೆ. ಆದುದರಿಂದಲೇ ಅಲ್ಲಿ ಮಾತಿಗೆ ಮೊದಲು ಕರೆಯಬೇಕಾದವನ ಹೆಸರು, ಅನಂತರ ಕರೆಯುವವನ ಹೆಸರು ಬರಬೇಕೆಂಬ ಕಟ್ಟುಪಾಡು. ಆದರೆ ಒಂದೇ ಕರಾವಳಿಯಲ್ಲಿ ಒಂದೇ ಮಾತೆಯ ಹೆಸರು ಹೊತ್ತ ಹತ್ತು ದೋಣಿಗಳಿದ್ದರೆ ಓಗೊಡಬೇಕಾದವರು ಯಾರು? ಅಪಾಯದಲ್ಲಿರುವುದು ಯಾವ ದೋಣಿ? ಪ್ರೀತಿಯಿಂದ ಇಟ್ಟ ಹೆಸರಿಗೆ ಅನನ್ಯವಾಗಿರಬೇಕೆಂಬ ಹಂಗು ಇಲ್ಲ. ಪ್ರೀತಿ ಮತ್ತೆ ಮತ್ತೆ ಅವೇ ಹೆಸರುಗಳ ಬಳಿಗೆ ಹೋಗುತ್ತದೆ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ತೊಡಕು ಹೊಸದಲ್ಲ. ಬಾಯಿಂದ ಬಾಯಿಗೆ ಹರಿದುಬಂದ ವಚನ, ಕೀರ್ತನೆಗಳ ದೊಡ್ಡ ರಾಶಿಯಲ್ಲಿ ಇದು ಇಂಥವರದು ಎಂದು ಹೇಳುವ ಸಾಧನವಾಗಿ ಉಳಿದದ್ದು ಅಂಕಿತ. ದಾಸಪರಂಪರೆಯ ಅಂಕಿತಗಳ ರಚನೆಯಂತೂ ವಿಶೇಷವಾಗಿ ಗಮನಾರ್ಹವಾದುದು. ಪುರಂದರ ವಿಠಲ, ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ ಎಂಬಲ್ಲಿ ‘ವಿಠಲ’ ಎಂಬುದು ಬಳಗವನ್ನು ಸೂಚಿಸಿದರೆ, ಅದರ ಹಿಂದಿನ ಪದವು ವ್ಯಕ್ತಿಯನ್ನು ಸೂಚಿಸುತ್ತದೆ. ಶಿಷ್ಯನು ಅಂಕಿತವನ್ನು ತಾನೇ ಆರಿಸಿಕೊಳ್ಳುವುದಿಲ್ಲ. ಅದನ್ನು ಗುರುವಿನಿಂದ ಪಡೆಯುವುದು ಸಂಪ್ರದಾಯ. ಕೊಡುವವನೊಬ್ಬನಿದ್ದರೆ ಒಂದೇ ಅಂಕಿತ ಇಬ್ಬರಿಗೆ ಹೋಗದಂತೆ ನೋಡಿಕೊಳ್ಳುವುದು ಸಾಧ್ಯ. ಅಂಕಿತ ಒಂದೇ ಆದೆಡೆ ಕರ್ತೃತ್ವ ನಿರ್ಣಯಕ್ಕಾಗಿ ವಿದ್ವಾಂಸರು ಪಡುವ ಪಾಡು ಈ ಎಚ್ಚರದ ಬೆಲೆಯನ್ನು ತಿಳಿಸುತ್ತದೆ.

ರೇಡಿಯೋ ಲೋಕವೂ ಇದೇ ಹಾದಿಯನ್ನು ಹಿಡಿಯಿತು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗು ಗಾಳಿಯಲ್ಲಿ ‘ಎಂ.ಜಿ.ವೈ.’ ಎಂಬ ಮೂರಕ್ಷರದ ಕರೆಗುರುತಿನಿಂದ ಕೂಗಿಕೊಂಡಿತ್ತು. ಮುಂದೆ ಅಂತಾರಾಷ್ಟ್ರೀಯ ಒಪ್ಪಂದಗಳ ಮೂಲಕ ಒಂದೊಂದು ದೇಶಕ್ಕೂ ಅಕ್ಷರಗಳ ಸರಣಿಗಳು ಹಂಚಿಕೆಯಾದವು. ಭಾರತದ ವಿಮಾನಗಳ ಮೇಲೆ ಕಾಣುವ ‘ವಿ.ಟಿ.’ಯೂ ಹವ್ಯಾಸಿ ರೇಡಿಯೋದವರ ‘ವಿ.ಯು.’ವೂ ಆ ಹಂಚಿಕೆಯ ಫಲಗಳೇ. ಅಕ್ಷರಗಳು ಮನುಷ್ಯನ ಬಾಯಿಗೆ ಒಗ್ಗುತ್ತವೆ. ಆದರೆ ಯಂತ್ರವು ಯಂತ್ರವನ್ನು ಕರೆಯುವ ಕಾಲ ಬಂದಾಗ ಅಂಕಿಗಳೇ ಅನುಕೂಲವಾದವು. ಹೀಗೆ ರೂಢಿಗೆ ಬಂದದ್ದು ಎಂ.ಎಂ.ಎಸ್.ಐ. ಎಂಬ ಒಂಬತ್ತು ಅಂಕಿಗಳ ಗುರುತು. ಇದರ ಮೊದಲ ಮೂರು ಅಂಕಿಗಳು ದೇಶವನ್ನು ಹೇಳುತ್ತವೆ. ಭಾರತದ ಹಡಗಿಗೆ ಅವು 419. ಉಳಿದ ಆರು ಆ ಹಡಗಿನವು. 419 ಎಂಬುದನ್ನು ಇಲ್ಲಿಯ ‘ವಿಠಲ’ ಎಂದರೆ ತಪ್ಪಾಗದು.

ಈ ಅಂಕಿಗಳ ವ್ಯಾಕರಣ ಇನ್ನೂ ಸೂಕ್ಷ್ಮವಾದುದು. ಮೊದಲಿಗೆ ಎರಡು ಸೊನ್ನೆಗಳಿದ್ದರೆ, ಅಂದರೆ 00419 ಎಂದು ಆರಂಭವಾದರೆ, ಅದು ದಡದ ಮೇಲಿನ ಠಾಣೆ. ಒಂದೇ ಸೊನ್ನೆಯಿದ್ದು 0419 ಎಂದು ಆರಂಭವಾದರೆ ಅದು ಒಂದು ಹಡಗಿನದಲ್ಲ, ಹಡಗುಗಳ ಗುಂಪಿನದು. ಒಬ್ಬ ಒಡೆಯನ ಹಲವು ಹಡಗುಗಳು ತಮ್ಮ ತಮ್ಮ ಸ್ವಂತ ಅಂಕಿಯನ್ನಿರಿಸಿಕೊಂಡೇ ಈ ಗುಂಪಿನ ಅಂಕಿಯನ್ನೂ ಧರಿಸಬಹುದು. ಗುಂಪಿನ ಅಂಕಿಗೆ ಕರೆ ಬಂದರೆ ಎಲ್ಲರ ಉಪಕರಣವೂ ಎಚ್ಚರಗೊಳ್ಳುತ್ತದೆ. ಸ್ವಂತ ಅಂಕಿಗೆ ಬಂದರೆ ಒಂದು ಮಾತ್ರ. ಮನುಷ್ಯನು ಕುಲದ ಹೆಸರಿಗೂ ತನ್ನ ಹೆಸರಿಗೂ ಓಗೊಡುವಂತೆಯೇ ಇದು. 70ನೆಯ ಚಾನೆಲ್ಲಿನಲ್ಲಿ ನಡೆಯುವ ಈ ಅಂಕಿಗಳ ಕರೆಯಲ್ಲಿ ಅಪಾಯದ ಗುಂಡಿಯನ್ನು ಒತ್ತಿದರೆ ಸಾಕು, ಯಾರು ಎಂಬುದು ತಾನಾಗಿಯೇ ಹೋಗುತ್ತದೆ. ಸ್ಥಾನನಿರ್ಣಯದ ಉಪಕರಣ ಜೊತೆಗಿದ್ದರೆ ಎಲ್ಲಿ ಎಂಬುದೂ ಹೋಗುತ್ತದೆ. ಆದರೆ ಕೊಂಡು ತಂದ ಉಪಕರಣದಲ್ಲಿ ಆ ಅಂಕಿಯನ್ನು ತುಂಬದೆ ಬಿಟ್ಟರೆ ಈ ವ್ಯವಸ್ಥೆ ಸಾಮಾನ್ಯವಾಗಿ ಕೆಲಸವನ್ನೇ ಮಾಡುವುದಿಲ್ಲ. ಹೆಸರಿಲ್ಲದವನಿಗೆ ಅಲ್ಲಿ ಕೂಗುವ ಅಧಿಕಾರವಿಲ್ಲ.

ಹೆಸರಿಗೂ ವಿಳಾಸಕ್ಕೂ ಇರುವ ಅಂತರವನ್ನು ಕೇರಳದ ಈ ಎರಡು ನಗರಗಳೇ ಚೆನ್ನಾಗಿ ತೋರಿಸಿಕೊಡುತ್ತವೆ. ಟ್ರಿವೆಂಡ್ರಮ್ 1991ರಲ್ಲಿ ಅಧಿಕೃತವಾಗಿ ತಿರುವನಂತಪುರವಾಯಿತು, ಕೊಚ್ಚಿನ್ ಕೊಚ್ಚಿಯಾಯಿತು. ಜನರ ನಾಲಗೆಯ ಮೇಲಿದ್ದ ಹೆಸರಿಗೆ ಮನ್ನಣೆ ದೊರೆತದ್ದು ಉಚಿತವೇ ಸರಿ. ಆದರೆ ವಿಮಾನದ ಚೀಟಿಯಲ್ಲಿ ‘ಟಿ.ಆರ್.ವಿ.’, ‘ಸಿ.ಓ.ಕೆ.’ ಎಂಬ ಗುರುತುಗಳು ಹಾಗೆಯೇ ಉಳಿದವು. ಹೆಸರು ಭಾವಕ್ಕೆ ಸೇರಿದುದರಿಂದ ಅದು ಬದಲಾಗಬಲ್ಲದು. ವಿಳಾಸವು ನಂಟಿಗೆ ಸೇರಿದುದರಿಂದ ಅದನ್ನು ಸುಲಭವಾಗಿ ಬದಲಿಸಲು ಬಾರದು. ಬದಲಿಸಿದರೆ ಅದನ್ನು ನಂಬಿ ಕುಳಿತ ಸಾವಿರ ಎಳೆಗಳು ಕಡಿದುಹೋಗುತ್ತವೆ.

ತಿರುವನಂತಪುರದ ತೆಂಕಣ ಕರಾವಳಿಯ ಬೆಸ್ತರಿಗೆ ಉಪಗ್ರಹಗಳಿಗಿಂತ ಬಹಳ ಮೊದಲೇ ಕಡಲಿನ ಮೇಲೆ ವಿಳಾಸ ಬರೆಯುವ ಕಲೆ ತಿಳಿದಿತ್ತು. ನೀರಿನಡಿಯ ಬಂಡೆಸಾಲುಗಳನ್ನು ಅವರು ‘ಪಾರು’ ಎನ್ನುತ್ತಾರೆ. ಮೀನು ನೆಲೆನಿಲ್ಲುವ ತಾವುಗಳವು. ಮೇಲೆ ನೋಡಿದರೆ ಎಲ್ಲೆಲ್ಲೂ ಒಂದೇ ನೀರು. ಅಂಥಲ್ಲಿ ದಡದ ಚರ್ಚಿನ ಶಿಖರವೂ ಅದರ ಹಿಂದಿನ ಬೆಟ್ಟದ ನೆತ್ತಿಯೂ ಒಂದೇ ಗೆರೆಗೆ ಬರುವಂತೆ ದೋಣಿಯನ್ನು ನಿಲ್ಲಿಸಿ, ಇನ್ನೊಂದು ದಿಕ್ಕಿನಲ್ಲಿ ಮತ್ತೆರಡು ಗುರುತುಗಳನ್ನು ಹಾಗೆಯೇ ಹೊಂದಿಸಿದರೆ, ಆ ಎರಡು ಗೆರೆಗಳು ಕೂಡುವೆಡೆಯಲ್ಲಿ ಪಾರು ದೊರೆಯುತ್ತದೆ. ಈ ಜ್ಞಾನಕ್ಕೆ ‘ಕಣಿಚ್ಚಂ’ ಎಂದು ಹೆಸರು. ಇದು ಹಿರಿಯರಿಂದ ಕಿರಿಯರಿಗೆ ಬಾಯಿಮಾತಿನಲ್ಲಿ ಬಂದ ವಿಳಾಸ. ಕಾಗದದಲ್ಲಿಲ್ಲದ ಕಾರಣ ಕಳೆದುಹೋಗುವ ಭಯ ಅದಕ್ಕಿದೆ. ಅದೇ ಕಾರಣದಿಂದ ಕಳವಾಗುವ ಭಯ ಕಡಿಮೆ.

ಆದರೆ ಕಣಿಚ್ಚಂ ಹೇಳಬಲ್ಲುದು ತಾನಿರುವ ಎಡೆಯನ್ನು ದೋಣಿಯಲ್ಲಿರುವವನಿಗೆ ಮಾತ್ರ, ದಡದಲ್ಲಿರುವವರಿಗೆ ಅಲ್ಲ. ಈ ಕೊರತೆ ಎಷ್ಟು ಕ್ರೂರವಾಗಿರಬಲ್ಲುದು ಎಂಬುದನ್ನು 2017ರ ನವೆಂಬರ್ 30 ತಿಳಿಸಿತು. ಓಖಿ ಎಂಬ ಚಂಡಮಾರುತ ಬಹು ಬೇಗ ಬಲಿತು ಕೇರಳದ ತೆಂಕಣ ಕರಾವಳಿಯನ್ನು ಸವರಿಕೊಂಡು ಹೋದಾಗ ಪೂಂತುರ, ವಿಳಿಂಞಂ ಮೊದಲಾದ ಊರುಗಳ ಅನೇಕರು ಆಗಲೇ ಕಡಲಿನಲ್ಲಿದ್ದರು. ದಡದಿಂದ ಕೆಲವೇ ಮೈಲಿಗಳಾಚೆ ಮೊಬೈಲ್ ದೂರವಾಣಿ ಮೂಕವಾಗುತ್ತದೆ. ಎಚ್ಚರಿಕೆ ಅವರನ್ನು ಮುಟ್ಟಲಿಲ್ಲ. ಅವರ ಕೂಗು ದಡವನ್ನು ಮುಟ್ಟಲಿಲ್ಲ. ಅನಂತರ ನಡೆದುದು ಇನ್ನೂ ದಾರುಣ. ಕಾಣೆಯಾದವರು ಎಷ್ಟು ಮಂದಿ ಎಂಬುದರಲ್ಲಿಯೇ ಸರ್ಕಾರದ ಲೆಕ್ಕಕ್ಕೂ ಲತ್ತೀನ್ ಕ್ಯಾಥೊಲಿಕ್ ಚರ್ಚಿನ ಲೆಕ್ಕಕ್ಕೂ ಹೊಂದಾಣಿಕೆಯಾಗಲಿಲ್ಲ. ಯಾವ ದೋಣಿಯಲ್ಲಿ ಯಾರು ಹೋಗಿದ್ದರು ಎಂಬುದು ಮನೆಯವರಿಗೆ ಗೊತ್ತಿತ್ತು, ದಫ್ತರಕ್ಕೆ ಗೊತ್ತಿರಲಿಲ್ಲ. ಕಡಲಿನಿಂದ ತಂದ ದೇಹಗಳನ್ನು ಡಿ.ಎನ್.ಎ. ಪರೀಕ್ಷೆಯ ಮೂಲಕ ಗುರುತಿಸಿ ಹೆಸರನ್ನು ಹಿಂದಿರುಗಿಸಬೇಕಾಯಿತು. ಬದುಕಿದ್ದಾಗ ವಿಳಾಸವಿಲ್ಲದವರಿಗೆ ಸತ್ತ ಮೇಲೆ ಪ್ರಯೋಗಶಾಲೆಯಲ್ಲಿ ಹೆಸರು ದೊರೆಯಿತು.

ಆ ದುರಂತದ ಬಳಿಕ ಭಾರತದ ನಾವಿಕ್ ಉಪಗ್ರಹಗಳ ಮೂಲಕ ಹವಾಮಾನದ ಎಚ್ಚರಿಕೆಯನ್ನು ದೋಣಿಗಳಿಗೆ ಕಳುಹಿಸುವ ಉಪಕರಣಗಳು ಬೆಸ್ತರ ಕೈಸೇರಿದವು. ಅದು ಒಮ್ಮುಖದ ಸಂಪರ್ಕ. ಆಕಾಶ ಹೇಳುತ್ತದೆ, ದೋಣಿ ಕೇಳುತ್ತದೆ. ಎಲ್ಲರಿಗೂ ಸಾರಿದ ಡಂಗುರವನ್ನು ಕೇಳಲು ಕೇಳುವವನಿಗೆ ಹೆಸರಿರಬೇಕಾಗಿಲ್ಲ. ತಿರುಗಿ ನುಡಿಯಬೇಕಾದಾಗ ಮಾತ್ರ ನುಡಿಯುವವನು ಯಾರೆಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಗೆ ಉತ್ತರ ಕೊಡುವ ವ್ಯವಸ್ಥೆಯೊಂದು ಬೆಂಗಳೂರಿನೊಡನೆ ನಂಟು ಹೊಂದಿರುವುದನ್ನು ಕನ್ನಡ ನಾಡಿನಲ್ಲಿ ಬಲ್ಲವರು ಕಡಿಮೆ. ಕೊಸ್ಪಾಸ್-ಸಾರ್ಸಾಟ್ ಎಂಬ ಅಂತಾರಾಷ್ಟ್ರೀಯ ಶೋಧ-ರಕ್ಷಣಾ ಉಪಗ್ರಹ ವ್ಯವಸ್ಥೆಯ ಭಾರತೀಯ ಕೇಂದ್ರವು ಬೆಂಗಳೂರಿನ ಇಸ್ಟ್ರಾಕ್ ಸಂಸ್ಥೆಯಲ್ಲಿದೆ. ಹಡಗು ಮುಳುಗುವಾಗ ನೀರಿನಲ್ಲಿ ತೇಲುವ ಪುಟ್ಟ ಉಪಕರಣವೊಂದು 406 ಮೆಗಾಹರ್ಟ್ಸ್ ತರಂಗದಲ್ಲಿ ಸುಮಾರು 50 ಸೆಕೆಂಡುಗಳಿಗೊಮ್ಮೆ, ಅರ್ಧ ಸೆಕೆಂಡಿನಷ್ಟು ಹೊತ್ತು ತನ್ನ ಗುರುತನ್ನು ಉಚ್ಚರಿಸುತ್ತದೆ. ಆ ಗುರುತು 15 ಸ್ಥಾನಗಳದು. ಜಗತ್ತಿನಲ್ಲಿ ಇನ್ನೊಂದಕ್ಕೆ ಅದಿರಬಾರದು. ಉಪಗ್ರಹದಿಂದ ನೆಲದ ಕೇಂದ್ರಕ್ಕೆ, ಅಲ್ಲಿಂದ ಕಡಲ ಕಾವಲು ಪಡೆಗೆ ಸುದ್ದಿ ಸಾಗುತ್ತದೆ. ಹಿಂದೆ 121.5 ಮೆಗಾಹರ್ಟ್ಸ್ ತರಂಗದಲ್ಲಿ ಕೂಗುತ್ತಿದ್ದ ಹಳೆಯ ಉಪಕರಣಗಳಿಗೆ ಹೆಸರಿರಲಿಲ್ಲ. ಅವು ಬರಿದೆ ಅಳುತ್ತಿದ್ದವು. ಅಳುತ್ತಿರುವವರು ಯಾರು, ಅಳು ನಿಜವೇ ಎಂದು ತಿಳಿಯುವ ದಾರಿಯಿರಲಿಲ್ಲ. ಬಹುಪಾಲು ಕೂಗುಗಳು ಸುಳ್ಳಾಗಿದ್ದುದರಿಂದ 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಆ ತರಂಗಕ್ಕೆ ಕಿವಿಗೊಡುವುದನ್ನೇ ನಿಲ್ಲಿಸಿದವು. ಹೊಸ ಉಪಕರಣ ಕೂಗಿದರೆ ದಫ್ತರವನ್ನು ತೆರೆದು ಒಡೆಯನ ಮನೆಗೆ ದೂರವಾಣಿ ಮಾಡಬಹುದು. ದೋಣಿ ಕೊಟ್ಟಿಗೆಯಲ್ಲಿದೆ ಎಂದರೆ ನಿಟ್ಟುಸಿರು; ಕಡಲಿನಲ್ಲಿದೆ ಎಂದರೆ ಹೆಲಿಕಾಪ್ಟರು.

ಇಂಥ ಒಂದು ಉಚ್ಚಾರಣೆ ಕೇಳಿಬಾರದೆ ಹೋದರೆ ಉಳಿಯುವ ಮೌನವನ್ನು ಕರ್ನಾಟಕದ ಕರಾವಳಿಯೂ ಬಲ್ಲದು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿಯ ಸಂಪರ್ಕ 15ರ ರಾತ್ರಿ ಕಡಿಯಿತು. ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮಂದಿ ಅದರಲ್ಲಿದ್ದರು. ಎಲ್ಲಿ ಹುಡುಕಬೇಕು ಎಂಬುದೇ ಮೊದಲ ಪ್ರಶ್ನೆಯಾಯಿತು. 2019ರ ಮೇ ತಿಂಗಳಿನಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ಅದರ ಅವಶೇಷವನ್ನು ಕಂಡಿತು. ಏಳು ಮನೆಗಳು ನಾಲ್ಕು ತಿಂಗಳಿಗೂ ಮಿಕ್ಕಿ ಬದುಕಿದ್ದುದು ಯಾವ ವಿಳಾಸವೂ ಇಲ್ಲದ ಒಂದು ನಿರೀಕ್ಷೆಯಲ್ಲಿ.

ಹಾಗೆಂದು ಅಂಕಿಯೊಂದನ್ನು ಅಂಟಿಸಿದೊಡನೆ ಎಲ್ಲವೂ ಸರಿಯಾಗುತ್ತದೆಂದು ಭಾವಿಸಲಾಗದು. ತಾನೆಲ್ಲಿರುವೆನೆಂದು ಸದಾ ಸಾರುವ ಉಪಕರಣ ರಕ್ಷಕನಿಗೆ ಹೇಳುವುದನ್ನೇ ಎದುರಾಳಿ ಬೆಸ್ತನಿಗೂ ಹೇಳಿಬಿಡುತ್ತದೆ. ತಲೆಮಾರುಗಳ ಗುಟ್ಟಾಗಿ ಬಂದ ಪಾರು ಪರದೆಯ ಮೇಲಿನ ಚುಕ್ಕೆಯಾಗಿ ಬಯಲಾಗುತ್ತದೆ. ಬಲೆಗೆ ಕಟ್ಟಿದ ತೇಲುಗುಂಡಿನ ಅಗ್ಗದ ಉಪಕರಣವು ಹಡಗಿನ ಅಂಕಿಯನ್ನು ಹೊತ್ತು ನಾವಿಕರನ್ನು ತಪ್ಪುದಾರಿಗೆಳೆಯುವುದೂ ಉಂಟು. ದೋಣಿ ಮಾರಾಟವಾಗಿ, ಉಪಕರಣ ಹೊಸ ಒಡೆಯನ ಕೈಸೇರಿ, ದಫ್ತರದಲ್ಲಿ ಹಳೆಯವನ ಹೆಸರೇ ಉಳಿದರಂತೂ ಕೂಗು ತಪ್ಪು ಮನೆಯ ಬಾಗಿಲನ್ನು ತಟ್ಟುತ್ತದೆ. 2024ರ ಆಗಸ್ಟ್ 30ರಂದು ದೇಶದ ಕರಾವಳಿಯ 1 ಲಕ್ಷ ಮೀನುಗಾರಿಕಾ ದೋಣಿಗಳಿಗೆ ಇಮ್ಮುಖ ಸಂಪರ್ಕದ ಉಪಕರಣಗಳನ್ನು ಒದಗಿಸುವ, ಸುಮಾರು 360 ಕೋಟಿ ರೂಪಾಯಿಗಳ ಯೋಜನೆಗೆ ಚಾಲನೆ ದೊರೆಯಿತು. 1 ಲಕ್ಷ ಉಪಕರಣಗಳೆಂದರೆ 1 ಲಕ್ಷ ಅಂಕಿಗಳು. 1 ಲಕ್ಷ ಅಂಕಿಗಳೆಂದರೆ ದಡದಲ್ಲಿ ಯಾರೋ ಒಬ್ಬರು ವರ್ಷವರ್ಷವೂ ತಿದ್ದಿ ನಿಜವಾಗಿ ಇರಿಸಬೇಕಾದ 1 ಲಕ್ಷ ಸಾಲುಗಳು.

ಗುರುವು ಕೊಟ್ಟ ಅಂಕಿತವನ್ನು ಶಿಷ್ಯಪರಂಪರೆ ನೆನಪಿಟ್ಟುಕೊಂಡಿತು. ಆದುದರಿಂದಲೇ ಶತಮಾನಗಳ ಅನಂತರವೂ ಹಾಡಿನ ಕೊನೆಯಲ್ಲಿ ಹಾಡಿದವರ ಗುರುತು ಸಿಗುತ್ತದೆ. ಅಂಕಿಗಳ ಅಂಕಿತಕ್ಕೂ ಅಂಥ ಜತನ ಬೇಕು. ಮುಂಗಾರಿನ ಬಿಡುವಿನಲ್ಲಿ ದಡಕ್ಕೆಳೆದ ದೋಣಿಯ ಮುಂಬದಿಯಲ್ಲಿ ಮಾಸಿದ ಮಾತೆಯ ಹೆಸರಿಗೆ ಪ್ರತಿ ವರ್ಷವೂ ಹೊಸ ಬಣ್ಣ ಬಳಿಯುತ್ತಾರೆ. ಒಳಗಿರುವ ಒಂಬತ್ತು ಅಂಕಿಗಳು ಮಾಸಿವೆಯೇ ಎಂದು ನೋಡಲು ಕುಂಚ ಸಾಲದು; ದಡದ ದಫ್ತರವನ್ನು ತೆರೆದು ನೋಡಬೇಕು.