ಸುಲ್ತಾನನಿಗೆ ಯುದ್ಧಕ್ಕೆ ಪುರುಸೊತ್ತಿಲ್ಲ

ಆಟೊಮನ್ ಸುಲ್ತಾನ ಸುಲೇಮಾನ್ ಆಳಿದ್ದು 1520ರಿಂದ 1566ರವರೆಗೆ. ಬೆಲ್‌ಗ್ರೇಡ್ ಗೆದ್ದ, ರೋಡ್ಸ್ ಗೆದ್ದ, ವಿಯೆನ್ನಾದ ಕೋಟೆಗೂ ಮುತ್ತಿಗೆ ಹಾಕಿದ. ‘ಮುಹ್ತೆಶೆಮ್ ಯೂಜ್‌ಯಿಲ್’ ಎಂಬ ಟರ್ಕಿಯ ಧಾರಾವಾಹಿ ನೋಡಿದರೆ, ಅಂತಃಪುರದ ಹೊಸಿಲು ದಾಟುವುದಕ್ಕೆ ಇವನಿಗೆ ಪುರುಸೊತ್ತಾದರೂ ಯಾವಾಗ ಸಿಕ್ಕಿತಪ್ಪಾ ಅನಿಸುತ್ತದೆ. ಯುದ್ಧವೆಂದರೆ ಹತ್ತಾರು ಕುದುರೆ, ಒಂದಿಷ್ಟು ಹೊಗೆ. ಪಚ್ಚೆಯ ಉಂಗುರ ಯಾರ ಬೆರಳಿಗೆ ಹೋಯಿತು ಎಂಬ ಪ್ರಶ್ನೆಗೆ ಮಾತ್ರ ಧಾರಾಳ ಸಮಯ. 2012ರಲ್ಲಿ ಆಗಿನ ಪ್ರಧಾನಿ ಎರ್ದೊಗಾನ್ ಸಿಟ್ಟಾಗಿ, ನಮ್ಮ ಸುಲ್ತಾನ ಮೂವತ್ತು ವರ್ಷ ಕುದುರೆಯ ಮೇಲೆ ಕಳೆದವನು ಎಂದು ಗದರಿದ್ದರು. ಇರಬಹುದು, ಆದರೆ ಕುದುರೆಯಿಂದ ಇಳಿಯದವನ ಪ್ರಣಯವನ್ನು 139 ಕಂತು ಎಳೆಯುವುದು ಹೇಗೆ?

ಕಂತೂ ನಮ್ಮ ಧಾರಾವಾಹಿಯ ಹಾಗೆ ಅರ್ಧ ಗಂಟೆಯದಲ್ಲ, ಹೆಚ್ಚುಕಮ್ಮಿ ಒಂದು ಸಿನಿಮಾ. ಕದದ ಹಿಂದೆ ಯಾರೋ ಕಿವಿಗೊಟ್ಟಿರುತ್ತಾರೆ, ಸಂಗೀತ ಮೊರೆಯುತ್ತದೆ, ಒಬ್ಬೊಬ್ಬರ ಮುಖವನ್ನೂ ಕ್ಯಾಮೆರಾ ನಿಧಾನವಾಗಿ ವಿಚಾರಿಸಿಕೊಂಡು ಬರುತ್ತದೆ. ನಡುವೆ 2013ರಲ್ಲಿ ಸುಲ್ತಾನನ ಪ್ರೇಯಸಿ ಹುರ್ರೆಮ್ ಪಾತ್ರದ ಮೆರ್ಯೆಮ್ ಉಜೆರ್ಲಿ ಬಿಟ್ಟುಹೋದರು. ವಾಹಿದೆ ಪೆರ್ಚಿನ್ ಬಂದರು. ಮುಖ, ದನಿ ಎರಡೂ ಬೇರೆ. ಸುಲ್ತಾನನಿಗೆ ಮಾತ್ರ ವ್ಯತ್ಯಾಸ ತಿಳಿಯಲೇ ಇಲ್ಲ.

ಇಷ್ಟೆಲ್ಲ ಗೊಣಗಿಯೂ ಬಿಡಲಾಗಲಿಲ್ಲ. ಕಾರಣ ಹುರ್ರೆಮ್. ಈಗಿನ ಉಕ್ರೇನಿನ ಕಡೆಯಿಂದ ಸೆರೆಯಾಗಿ, ಗುಲಾಮಳಾಗಿ ಬಂದವಳು ಸುಲ್ತಾನನ ಧರ್ಮಪತ್ನಿಯೇ ಆಗಿಬಿಟ್ಟಳು. ಅವಳು ಹೂಡುವ ಸಂಚು ಒಂದೆರಡಲ್ಲ, ಆದರೂ ಖಳನಾಯಕಿ ಎಂದು ಪಕ್ಕಕ್ಕಿಡಲು ಕಥೆ ಬಿಡುವುದಿಲ್ಲ. ಪಟ್ಟಕ್ಕೇರಿದವನು ಸೋದರರನ್ನು ಕೊಲ್ಲಿಸಬಹುದು ಎನ್ನುವುದು ಆ ಮನೆತನದ ಕಟ್ಟಳೆ. ಸವತಿಯ ಮಗ ಮುಸ್ತಫಾ ಉಳಿದರೆ ಇವಳ ಮಕ್ಕಳು ಉಳಿಯುವುದು ಅನುಮಾನ. ಎಲ್ಲ ತಾಯಂದಿರ ಲೆಕ್ಕವೂ ಅದೇ, ಎಲ್ಲರದೂ ನ್ಯಾಯವೇ. ಈ ಕಟ್ಟಳೆಯ ಭಯ ನಮ್ಮ ಬಿಜಾಪುರದವರೆಗೂ ಬಂದಿದೆ. ಆದಿಲ್‌ಶಾಹಿಯ ಮೂಲಪುರುಷ ಯೂಸುಫ್ ಆಟೊಮನ್ ರಾಜಕುಮಾರನಂತೆ, ತಾಯಿ ಅವನ ಜಾಗದಲ್ಲಿ ಗುಲಾಮ ಹುಡುಗನೊಬ್ಬನನ್ನು ಒಪ್ಪಿಸಿ ಇವನನ್ನು ದಾಟಿಸಿದಳಂತೆ. ಬರೆದವನು ಬಿಜಾಪುರದ ಆಸ್ಥಾನದಲ್ಲೇ ಇದ್ದ ಫೆರಿಷ್ತಾ. ಇತಿಹಾಸಕಾರರು ನಂಬುವುದು ಕಡಿಮೆ. ಧಾರಾವಾಹಿಯವರ ಕೈಗೆ ಸಿಕ್ಕರೆ ನೂರು ಕಂತಿಗೆ ಮೋಸವಿಲ್ಲ.

ಮುಸ್ತಫಾನಿಗೆ ಅಂಥ ದಾರಿ ಸಿಗಲಿಲ್ಲ. 1553ರಲ್ಲಿ ಅಪ್ಪನ ಡೇರೆಗೆ ಹೋದವನು ಜೀವಂತ ಹೊರಬರಲಿಲ್ಲ. ಶಾಲೆಯ ಪಾಠದಲ್ಲಿ ಓದಿ ಗೊತ್ತಿದ್ದ ಸಾವು. ಆದರೂ 2014ರಲ್ಲಿ ಆ ಕಂತು ಬಂದಾಗ ಟರ್ಕಿಯ ಜನ ಬುರ್ಸಾದಲ್ಲಿರುವ ಅವನ ಗೋರಿಗೆ ಗುಂಪುಗುಂಪಾಗಿ ಹೋದರು. ಎರಡು ಗಂಟೆಯ ಸಿನಿಮಾ ಯಾರನ್ನೂ ಹೀಗೆ ಎಬ್ಬಿಸಿ ಕಳಿಸುತ್ತಿರಲಿಲ್ಲ. ಮೂರು ವರ್ಷ ವಾರವಾರ ಮನೆಗೆ ಬಂದು ಹೋದ ಹುಡುಗ ಅವನು.

ಆಮೇಲೆ ಹುರ್ರೆಮ್‌ಳ ಮಕ್ಕಳೇ, ಸೆಲೀಮ್ ಮತ್ತು ಬಾಯೆಜೀದ್, ಒಬ್ಬರ ಮೇಲೊಬ್ಬರು ದಂಡೆತ್ತಿದರು. ನೋಡಲು ಅವಳಿರಲಿಲ್ಲ, 1558ರಲ್ಲೇ ತೀರಿಕೊಂಡಿದ್ದಳು. ಧಾರಾವಾಹಿಯವರು ಮಾತ್ರ ಇನ್ನೂ ಮುಗಿಸಿರಲಿಲ್ಲ.